ಕಡಲು ನುಂಗಿದ ಹೊಗೆಯ ಲೆಕ್ಕ

ಭೂಪಟದಲ್ಲಿ ಎರಡು ಊರು ಹುಡುಕಿ. ಒಂದು ನಾರ್ವೆಯ ಬೋಡೊ. ಇನ್ನೊಂದು ಸೈಬೀರಿಯಾದ ವೆರ್ಖೋಯಾನ್ಸ್ಕ್. ಎರಡೂ ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ, ಉತ್ತರಕ್ಕೆ 67 ಡಿಗ್ರಿಯ ಆಸುಪಾಸು. ಸೂರ್ಯ ಎರಡೂ ಊರಿಗೆ ಒಂದೇ ಲೆಕ್ಕದಲ್ಲಿ ಬೆಳಕು ಕೊಡುತ್ತಾನೆ. ಆದರೆ ಜನವರಿಯಲ್ಲಿ ಬೋಡೊದ ಸರಾಸರಿ ತಾಪಮಾನ ಸೊನ್ನೆಯ ಸುತ್ತಮುತ್ತ ಇರುತ್ತದೆ. ವೆರ್ಖೋಯಾನ್ಸ್ಕ್‌ನಲ್ಲಿ ಅದು ಸೊನ್ನೆಗಿಂತ ಸುಮಾರು 45 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಲ್ಲಿ ಹಿಂದೊಮ್ಮೆ ಮೈನಸ್ 67.8 ಡಿಗ್ರಿ ದಾಖಲಾಗಿತ್ತು. ಅದೇ ಊರಲ್ಲಿ 2020ರ ಜೂನ್ 20ರಂದು 38 ಡಿಗ್ರಿ ಬಿಸಿಲು ಹೊಡೆಯಿತು. ಒಂದೇ ಊರು, ನೂರು ಡಿಗ್ರಿಗೂ ಜಾಸ್ತಿ ಅಂತರ!

ಇಷ್ಟೊಂದು ವ್ಯತ್ಯಾಸ ಯಾಕೆ? ಬೋಡೊ ಕಡಲಿಗೆ ಅಂಟಿಕೊಂಡಿದೆ. ವೆರ್ಖೋಯಾನ್ಸ್ಕ್ ವಿಶಾಲವಾದ ನೆಲದ ನಡುವೆ ಸಿಕ್ಕಿಕೊಂಡಿದೆ. ಕಡಲಿನ ಮೇಲಿಂದ ಬೀಸುವ ಗಾಳಿ ಬೋಡೊದ ಚಳಿಗಾಲದ ಹಲ್ಲು ಕಿತ್ತುಬಿಡುತ್ತದೆ. ಇನ್ನೊಂದಕ್ಕೆ ಆ ಭಾಗ್ಯ ಇಲ್ಲ.

ಇದರ ಹಿಂದಿರುವುದು ನೀರಿನ ಸ್ವಭಾವ. ನೀರು ಬೇಗ ಬಿಸಿಯಾಗುವುದಿಲ್ಲ, ಬಿಸಿಯಾದರೆ ಬೇಗ ಆರುವುದೂ ಇಲ್ಲ. ಖಾಲಿ ಪಾತ್ರೆಯನ್ನು ಒಲೆಯ ಮೇಲಿಟ್ಟರೆ ಒಂದು ನಿಮಿಷಕ್ಕೇ ಕೈ ಸುಡುತ್ತದೆ. ಅದೇ ಪಾತ್ರೆಯ ತುಂಬ ನೀರಿಟ್ಟು ನೋಡಿ, ಕಾಯುತ್ತ ನಿಲ್ಲಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವ ಶಾಖದಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಲೀಟರ್ ಗಾಳಿಯನ್ನು ಅಷ್ಟೇ ಬಿಸಿ ಮಾಡಬಹುದು. ಇದನ್ನೇ ಇಡೀ ಭೂಮಿಗೆ ಹಿಗ್ಗಿಸಿದರೆ ಬರುವ ಲೆಕ್ಕ ನನಗಂತೂ ಪ್ರತಿ ಸಲ ಬೆರಗು ಹುಟ್ಟಿಸುತ್ತದೆ. ಕಡಲಿನ ಮೇಲಿನ ಬರೀ ಮೂರೂವರೆ ಮೀಟರ್ ನೀರು, ನಮ್ಮ ತಲೆ ಮೇಲಿರುವ ಇಡೀ ವಾಯುಮಂಡಲದಷ್ಟೇ ಶಾಖ ಹಿಡಿಯಬಲ್ಲದು. ಕಡಲಿನ ಸರಾಸರಿ ಆಳವೋ, ಸುಮಾರು 3,700 ಮೀಟರ್.

ಹಾಗಾಗಿ ಹಸಿರುಮನೆ ಅನಿಲಗಳು ಹಿಡಿದಿಟ್ಟ ಹೆಚ್ಚುವರಿ ಶಾಖ ಎಲ್ಲಿಗೆ ಹೋಯಿತು ಅಂತ ಹುಡುಕಿದರೆ, ನೂರಕ್ಕೆ 90 ಪಾಲು ಕಡಲಿನಲ್ಲೇ ಸಿಗುತ್ತದೆ. ಭೂಮಿ ಬಿಸಿಯಾಗುತ್ತಿದೆ ಅಂತ ನಾವು ಗಾಳಿಯ ತಾಪಮಾನ ತೋರಿಸಿ ಹೇಳುತ್ತೇವೆ. ಆದರೆ ಗಾಳಿಗೆ ಸಿಕ್ಕಿದ್ದು ಚೂರುಪಾರು. ದೊಡ್ಡ ಪಾಲು ನೀರಿನೊಳಗೆ ಇಳಿದಿದೆ. ಈ ಲೆಕ್ಕ ಅಂದಾಜಿನದ್ದಲ್ಲ. ಆರ್ಗೋ ಅನ್ನುವ ಯೋಜನೆಯ ಸುಮಾರು ನಾಲ್ಕು ಸಾವಿರ ಯಂತ್ರಗಳು ಜಗತ್ತಿನ ಕಡಲುಗಳಲ್ಲಿ ತೇಲುತ್ತಿವೆ. ಸಾಮಾನ್ಯವಾಗಿ ಹತ್ತು ದಿನಕ್ಕೊಮ್ಮೆ ಅವು ಎರಡು ಕಿಲೋಮೀಟರ್ ಆಳದಿಂದ ಮೇಲಕ್ಕೆ ಬರುತ್ತ ದಾರಿಯುದ್ದಕ್ಕೂ ತಾಪಮಾನ, ಉಪ್ಪಿನಂಶ ಅಳೆಯುತ್ತವೆ. ಮೇಲೆ ಬಂದು ಉಪಗ್ರಹಕ್ಕೆ ವರದಿ ಒಪ್ಪಿಸಿ ಮತ್ತೆ ಮುಳುಗುತ್ತವೆ.

ಕಡಲು ಶಾಖವನ್ನು ಬಚ್ಚಿಡುವುದಷ್ಟೇ ಅಲ್ಲ, ಸಾಗಿಸುತ್ತದೆ ಕೂಡ. ಅಟ್ಲಾಂಟಿಕ್‌ನಲ್ಲಿ ಬಿಸಿ ನೀರು ಮೇಲ್ಮೈಯಲ್ಲಿ ಉತ್ತರಕ್ಕೆ ಹರಿಯುತ್ತದೆ. ಗ್ರೀನ್‌ಲ್ಯಾಂಡ್ ಸುತ್ತಮುತ್ತ ತಲುಪುವಾಗ ಶಾಖವನ್ನು ಗಾಳಿಗೆ ಕೊಟ್ಟು ತಣ್ಣಗಾಗುತ್ತದೆ. ತಣ್ಣಗಾದ ಉಪ್ಪುನೀರು ಭಾರ, ಆದ್ದರಿಂದ ಮುಳುಗುತ್ತದೆ. ಆಮೇಲೆ ತಳದಲ್ಲಿ ದಕ್ಷಿಣಕ್ಕೆ ಹರಿಯುತ್ತದೆ. ಈ ಚಕ್ರದಲ್ಲಿ ಸೆಕೆಂಡಿಗೆ ಸುಮಾರು 1.7 ಕೋಟಿ ಘನ ಮೀಟರ್ ನೀರು ಓಡಾಡುತ್ತದೆ. ಜಗತ್ತಿನ ಎಲ್ಲ ನದಿಗಳನ್ನೂ ಒಟ್ಟುಗೂಡಿಸಿದರೂ ಇದರ ಹತ್ತನೇ ಒಂದು ಪಾಲು ಆಗುವುದಿಲ್ಲ. ಬೋಡೊ ಬೆಚ್ಚಗಿರುವುದರಲ್ಲಿ ಗಾಳಿಯ ಜೊತೆ ಈ ಹರಿವಿಗೂ ಪಾಲಿದೆ. ಇನ್ನು ಆವಿ, ಮೋಡ, ಮಳೆ, ಎಲ್ ನಿನ್ಯೊ ಅಂತ ಹೊರಟರೆ ಕಡಲಿನ ಕೆಲಸದ ಪಟ್ಟಿ ಮುಗಿಯುವುದಿಲ್ಲ. ನಾನು ಅವನ್ನೆಲ್ಲ ಪಕ್ಕಕ್ಕಿಟ್ಟು ಒಂದೇ ಒಂದು ಕೆಲಸದ ಬೆನ್ನು ಹತ್ತುತ್ತೇನೆ. ಕಡಲು ಇಂಗಾಲವನ್ನು ನುಂಗುವ ಕೆಲಸ.

ಸೋಡಾ ಬಾಟಲಿಯ ಪಾಠ

ತಣ್ಣನೆಯ ಸೋಡಾ ಬಾಟಲಿ ತೆರೆದರೆ ಚುಸ್ ಅಂದು ಸುಮ್ಮನಾಗುತ್ತದೆ. ಬಿಸಿಲಿಗಿಟ್ಟ ಬಾಟಲಿ ತೆರೆದರೆ ಉಕ್ಕಿ ಮೈಮೇಲೆ ಬರುತ್ತದೆ. ತಣ್ಣೀರು ಅನಿಲವನ್ನು ಹಿಡಿದುಕೊಳ್ಳುತ್ತದೆ, ಬಿಸಿನೀರು ಬಿಟ್ಟುಕೊಡುತ್ತದೆ. ಕಡಲಿಗೂ ಇದೇ ನಿಯಮ. ಧ್ರುವಗಳ ಹತ್ತಿರದ ತಣ್ಣೀರು ಗಾಳಿಯಿಂದ ಕಾರ್ಬನ್ ಡೈಆಕ್ಸೈಡನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ಆ ನೀರು ಮುಳುಗಿದಾಗ ಅನಿಲವೂ ಅದರ ಜೊತೆಗೇ ಆಳಕ್ಕೆ ಹೋಗುತ್ತದೆ. ಅದು ಮತ್ತೆ ಮೇಲೆ ಬರಲು ನೂರಾರು ವರ್ಷ ಬೇಕಾಗಬಹುದು, ಕೆಲವು ಕಡೆ ಸಾವಿರ ವರ್ಷ.

ಜೀವಿಗಳ ಕೈವಾಡವೂ ಇದೆ. ಮೇಲ್ಮೈಯಲ್ಲಿ ಬಿಸಿಲು ಕುಡಿದು ಬೆಳೆಯುವ ಸಸ್ಯ ಪ್ಲಾಂಕ್ಟನ್‌ಗಳು, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ಇಂಗಾಲವನ್ನು ಮೈಗೂಡಿಸಿಕೊಳ್ಳುತ್ತವೆ. ಅವನ್ನು ತಿಂದವುಗಳ ಹಿಕ್ಕೆ, ಸತ್ತವುಗಳ ಚೂರು, ಅಂಟಂಟಾದ ಕಸ, ಎಲ್ಲ ಸೇರಿ ಬಿಳಿ ಬಿಳಿ ತುಣುಕಾಗಿ ಕೆಳಗೆ ಉದುರುತ್ತಲೇ ಇರುತ್ತವೆ. ವಿಜ್ಞಾನಿಗಳು ಇದಕ್ಕೆ ಕಡಲ ಹಿಮ ಅಂತ ಚೆಂದದ ಹೆಸರಿಟ್ಟಿದ್ದಾರೆ. ಒಳಗಿರುವ ಸರಕು ಅಷ್ಟು ಚೆಂದ ಇಲ್ಲ ಅನ್ನುವುದು ಬೇರೆ ಮಾತು.

ಮನುಷ್ಯರು ಸುಡುವ ಕಲ್ಲಿದ್ದಲು, ಎಣ್ಣೆ, ಅನಿಲ ಮತ್ತು ಕಡಿಯುವ ಕಾಡಿನಿಂದ ವರ್ಷಕ್ಕೆ ಸುಮಾರು 4,000 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಅದರಲ್ಲಿ ಕಾಲು ಪಾಲನ್ನು, ಅಂದರೆ ಸುಮಾರು 1,000 ಕೋಟಿ ಟನ್ನನ್ನು ಕಡಲು ನುಂಗುತ್ತದೆ. ಗಂಟೆಗೆ ಹತ್ತು ಲಕ್ಷ ಟನ್‌ಗಿಂತ ಜಾಸ್ತಿ. ಕೈಗಾರಿಕೆಗಳು ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280 ಪಾಲು ಈ ಅನಿಲ ಇತ್ತು. ಈಗ ಅದು 420 ದಾಟಿದೆ. ಕಡಲು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಈ ಅಂಕಿ ಇನ್ನೂ ಎಷ್ಟೋ ಮೇಲಿರುತ್ತಿತ್ತು.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಆಮ್ಲಜನಕ ಕೂಡ ನೀರಿನಲ್ಲಿ ಕರಗುತ್ತದೆ. ಸಾರಜನಕವೂ ಕರಗುತ್ತದೆ. ಆದರೆ ಅವುಗಳ ಬಹುಪಾಲು ಗಾಳಿಯಲ್ಲೇ ಉಳಿದಿದೆ. ಇಂಗಾಲ ಮಾತ್ರ ವಾಯುಮಂಡಲದಲ್ಲಿ ಇರುವುದಕ್ಕಿಂತ ನಲವತ್ತು ಪಟ್ಟಿಗೂ ಜಾಸ್ತಿ ಕಡಲಿನಲ್ಲಿದೆ. ಈ ಒಂದು ಅನಿಲದ ಮೇಲೆ ಕಡಲಿಗೆ ಯಾಕಿಷ್ಟು ಪ್ರೀತಿ?

ಗಂಟು ಒಂದೇ, ಕೈ ಹಾಕುವವರು ಇಬ್ಬರು

ಉತ್ತರ ಇರುವುದು ರಸಾಯನದಲ್ಲಿ. ಹೆದರಬೇಡಿ, ಮೂರೇ ಹೆಸರು ನೆನಪಿಟ್ಟುಕೊಂಡರೆ ಸಾಕು.

ಆಮ್ಲಜನಕ ನೀರಿಗಿಳಿದರೆ ಆಮ್ಲಜನಕವಾಗಿಯೇ ಇರುತ್ತದೆ. ಕಾರ್ಬನ್ ಡೈಆಕ್ಸೈಡ್ ಹಾಗಲ್ಲ. ನೀರಿನ ಜೊತೆ ಸೇರಿ ಕಾರ್ಬಾನಿಕ್ ಆಮ್ಲ ಆಗುತ್ತದೆ. ಸೋಡಾ ನಾಲಿಗೆಗೆ ಚುರುಕ್ ಅನ್ನುವುದಕ್ಕೆ ಇದೂ ಒಂದು ಕಾರಣ. ಈ ಆಮ್ಲ ಕೂಡಲೇ ಒಡೆದು ಒಂದು ಹೈಡ್ರೋಜನ್ ಅಯಾನನ್ನು, ಅಂದರೆ ವಿದ್ಯುದಂಶ ಹೊತ್ತ ಕಣವನ್ನು, ಹೊರಕ್ಕೆ ಬಿಡುತ್ತದೆ. ಉಳಿದದ್ದು ಬೈಕಾರ್ಬೊನೇಟ್. ಹೈಡ್ರೋಜನ್ ಅಯಾನು ಒಂಟಿಯಾಗಿ ಇರುವ ಜಾತಿಯದಲ್ಲ, ಜೊತೆಗಾರನನ್ನು ಹುಡುಕುತ್ತದೆ. ಕಡಲಿನಲ್ಲಿ ಅದಕ್ಕೆ ಸುಲಭವಾಗಿ ಸಿಗುವುದು ಕಾರ್ಬೊನೇಟ್. ಎರಡೂ ಕೂಡಿದರೆ ಇನ್ನೊಂದು ಬೈಕಾರ್ಬೊನೇಟ್ ಆಗುತ್ತದೆ.

ಅಂದರೆ ಒಟ್ಟಾರೆ ನಡೆದದ್ದು ಇಷ್ಟು. ಒಳಗೆ ಬಂದದ್ದು ಕಾರ್ಬನ್ ಡೈಆಕ್ಸೈಡ್. ಖರ್ಚಾದದ್ದು ಕಾರ್ಬೊನೇಟ್. ಉಳಿದದ್ದು ಬೈಕಾರ್ಬೊನೇಟ್. ಬೈಕಾರ್ಬೊನೇಟ್ ಅನಿಲವಲ್ಲ, ಆದ್ದರಿಂದ ಗಾಳಿಗೆ ಹಾರಿಹೋಗುವ ಹಾಗಿಲ್ಲ. ಕಡಲು ಇಷ್ಟೊಂದು ಇಂಗಾಲ ನುಂಗುವ ಗುಟ್ಟು ಇದು. ಬಂದ ಅನಿಲದ ವೇಷ ಬದಲಿಸಿ ಒಳಗೇ ಕೂರಿಸಿಬಿಡುತ್ತದೆ. ಈಗ ಕಡಲಿನಲ್ಲಿ ಕರಗಿರುವ ಇಂಗಾಲದಲ್ಲಿ ನೂರಕ್ಕೆ ಸುಮಾರು 90 ಪಾಲು ಬೈಕಾರ್ಬೊನೇಟ್, 10ರ ಹತ್ತಿರ ಕಾರ್ಬೊನೇಟ್. ಬರೀ ಅನಿಲವಾಗಿ ಉಳಿದದ್ದು ಒಂದು ಪಾಲಿಗೂ ಕಡಿಮೆ.

ಕಾರ್ಬೊನೇಟನ್ನು ಕಡಲು ಕೂಡಿಟ್ಟ ಗಂಟು ಅಂದುಕೊಳ್ಳಿ. ಬೆಟ್ಟದ ಕಲ್ಲು ಸವೆದು, ನದಿಗಳು ಹೊತ್ತು ತಂದು, ಲಕ್ಷಾಂತರ ವರ್ಷಗಳಲ್ಲಿ ಕೂಡಿದ ಗಂಟು. ಹೊಗೆ ನುಂಗುವಾಗ ಕಡಲು ಖರ್ಚು ಮಾಡುವುದು ಇದನ್ನೇ.

ತೊಡಕು ಇರುವುದು ಇಲ್ಲೇ. ಚಿಪ್ಪು, ಹವಳ, ಶಂಖ, ಕವಡೆ ಇವೆಲ್ಲ ಯಾವುದರಿಂದ ಆಗಿವೆ? ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ವಸ್ತು. ಕ್ಯಾಲ್ಸಿಯಂಗೆ ಕಡಲಿನಲ್ಲಿ ಬರ ಇಲ್ಲ. ಬೇಕಾದದ್ದು ಕಾರ್ಬೊನೇಟ್. ಹೊಗೆಯನ್ನು ಅರಗಿಸಿಕೊಳ್ಳಲು ಬಳಸುವ ಗಂಟೂ ಅದೇ, ಚಿಪ್ಪು ಕಟ್ಟಲು ಕೈ ಹಾಕುವ ಗಂಟೂ ಅದೇ. ಕಡಲು ನಮಗೆ ಮಾಡುವ ಉಪಕಾರ ಬೇರೆ, ಕಡಲಿಗೆ ಆಗುವ ಅಪಾಯ ಬೇರೆ ಅಂತ ಎರಡು ಅಧ್ಯಾಯ ಮಾಡಿ ಹೇಳುವುದು ರೂಢಿ. ನನಗೆ ಅದು ಸರಿ ಕಾಣುವುದಿಲ್ಲ. ಅವೆರಡೂ ಒಂದೇ ಕ್ರಿಯೆ.

ಇದರ ಇನ್ನೊಂದು ಪರಿಣಾಮವನ್ನು 1957ರಲ್ಲೇ ರೋಜರ್ ರೆವೆಲ್ ಮತ್ತು ಹಾನ್ಸ್ ಸೂಸ್ ಎಂಬ ವಿಜ್ಞಾನಿಗಳು ಬರೆದಿದ್ದರು. ಮನುಷ್ಯ ಎಷ್ಟು ಹೊಗೆ ಬಿಟ್ಟರೂ ಕಡಲು ನುಂಗಿಬಿಡುತ್ತದೆ ಅಂತ ಆಗ ಬಹಳಷ್ಟು ಜನ ನಂಬಿದ್ದರು. ಕಡಲಿನ ರಸಾಯನ ಅಷ್ಟು ಧಾರಾಳಿ ಅಲ್ಲ ಅಂತ ರೆವೆಲ್ ಗಮನಿಸಿದರು. ನೀರಿನಲ್ಲಿ ಕರಗಿದ ಅನಿಲದ ಒತ್ತಡ ನೂರಕ್ಕೆ ಹತ್ತು ಏರಿದರೂ, ಮೇಲ್ಮೈ ನೀರು ಒಟ್ಟು ಹಿಡಿದುಕೊಳ್ಳುವ ಇಂಗಾಲ ಏರುವುದು ನೂರಕ್ಕೆ ಸುಮಾರು ಒಂದು ಮಾತ್ರ. ಕಾರ್ಬೊನೇಟ್ ಖರ್ಚಾಗುತ್ತ ಹೋದ ಹಾಗೆ ಅದೂ ಇನ್ನಷ್ಟು ಕಡಿಮೆಯಾಗುತ್ತದೆ. ಗಂಟು ಸಣ್ಣದಾದರೆ ನುಂಗುವ ಶಕ್ತಿಯೂ ಸಣ್ಣದಾಗಲೇಬೇಕಲ್ವಾ? ಮನುಷ್ಯರು ಭೂಮಿಯ ಮೇಲೆ ದೊಡ್ಡದೊಂದು ಪ್ರಯೋಗ ನಡೆಸುತ್ತಿದ್ದಾರೆ, ಹಿಂದೆ ನಡೆದಿರಲು ಸಾಧ್ಯವಿಲ್ಲದ, ಮುಂದೆ ಮತ್ತೆ ಮಾಡಲೂ ಆಗದ ಪ್ರಯೋಗ ಎಂಬ ಅರ್ಥದ ಮಾತು ಅದೇ ಬರಹದಲ್ಲಿದೆ. ಮರು ವರ್ಷವೇ, 1958ರಲ್ಲಿ, ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಅಳೆಯಲು ಶುರುಮಾಡಿದರು. ಅಂಕಿ ವರ್ಷದಿಂದ ವರ್ಷಕ್ಕೆ ಏರಿತು. ಕಡಲು ಎಲ್ಲವನ್ನೂ ನುಂಗುತ್ತಿಲ್ಲ ಅನ್ನುವುದು ಕಣ್ಣಿಗೆ ಕಾಣುವ ಗೆರೆಯಾಯಿತು.

0.1 ಅಂದರೆ ಇಷ್ಟೇನಾ?

ನೀರಿನಲ್ಲಿ ಹೈಡ್ರೋಜನ್ ಅಯಾನು ಎಷ್ಟಿದೆ ಅಂತ ಹೇಳುವ ಅಳತೆಗೆ ಪಿಎಚ್ ಅಂತ ಹೆಸರು. ಡೆನ್ಮಾರ್ಕಿನ ಸೋರೆನ್ ಸೋರೆನ್‌ಸನ್ 1909ರಲ್ಲಿ ಇದನ್ನು ಬಳಕೆಗೆ ತಂದರು. ಅವರಿದ್ದದ್ದು ಕೋಪನ್‌ಹೇಗನ್‌ನ ಒಂದು ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ. ಪಿಎಚ್ 7 ಅಂದರೆ ಸಮಸಮ. ಅದಕ್ಕಿಂತ ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ. ಕೈಗಾರಿಕಾ ಯುಗಕ್ಕೆ ಮೊದಲು ಕಡಲಿನ ಮೇಲ್ಮೈ ನೀರಿನ ಪಿಎಚ್ ಸುಮಾರು 8.2 ಇತ್ತು. ಈಗ ಸುಮಾರು 8.1. ಈ ಇಳಿತಕ್ಕೇ ಕಡಲಿನ ಆಮ್ಲೀಕರಣ ಅಂತ ಹೆಸರು.

ಇದನ್ನು ಓದಿದವರು ಎರಡು ಆಕ್ಷೇಪ ಎತ್ತುತ್ತಾರೆ. ಎರಡೂ ನ್ಯಾಯವಾದ ಆಕ್ಷೇಪಗಳೇ.

ಮೊದಲನೆಯದು, 8.1 ಅಂದರೆ ಇನ್ನೂ ಕ್ಷಾರವೇ ತಾನೆ, ಆಮ್ಲೀಕರಣ ಅಂತ ಯಾಕೆ ಹೆದರಿಸುವುದು? ನಿಜ, ಕಡಲು ಆಮ್ಲ ಆಗಿಲ್ಲ, ನಾವು ಊಹಿಸಬಹುದಾದ ಕಾಲದಲ್ಲಿ ಆಗುವುದೂ ಇಲ್ಲ. ಆ ಹೆಸರು ಹೇಳುವುದು ದಿಕ್ಕನ್ನು, ತಲುಪಿದ ಜಾಗವನ್ನಲ್ಲ. ಮೈನಸ್ 20ರಿಂದ ಮೈನಸ್ 10ಕ್ಕೆ ಬಂದ ಊರು ಬೆಚ್ಚಗಾಗುತ್ತಿದೆ ಅಂತ ಹೇಳುವುದಿಲ್ಲವೇ, ಹಾಗೆ. ಚಿಪ್ಪು ಕಟ್ಟುವ ಜೀವಿಗೆ 7ರ ಗೆರೆ ದಾಟುವುದು ಮುಖ್ಯ ಅಲ್ಲ, ಕಾರ್ಬೊನೇಟ್ ಎಷ್ಟು ಉಳಿದಿದೆ ಅನ್ನುವುದು ಮುಖ್ಯ.

ಎರಡನೆಯದು, ಬರೀ 0.1 ಇಳಿದರೆ ಏನಾಯಿತು? ಇಲ್ಲಿ ಅಳತೆಗೋಲೇ ಮೋಸ ಮಾಡುತ್ತದೆ. ಪಿಎಚ್ ಒಂದು ಅಂಕಿ ಇಳಿದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟು ಆಗುತ್ತದೆ. 0.1 ಇಳಿದರೆ ನೂರಕ್ಕೆ ಸುಮಾರು 26 ಜಾಸ್ತಿ. ನಮ್ಮ ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರಬೇಕು. 7.4ರಿಂದ 7.3ಕ್ಕೆ ಇಳಿದರೆ ಡಾಕ್ಟರ್ ಗಾಬರಿಯಾಗುತ್ತಾರೆ, 0.1 ತಾನೆ ಬಿಡಿ ಅನ್ನುವುದಿಲ್ಲ. ಹೊಗೆ ಈಗಿನಂತೆ ಏರುತ್ತಲೇ ಹೋದರೆ ಈ ಶತಮಾನದ ಕೊನೆಗೆ ಕಡಲಿನ ಪಿಎಚ್ 7.8ರ ಆಸುಪಾಸಿಗೆ ಬರಬಹುದು ಅಂತ ಲೆಕ್ಕಗಳು ಹೇಳುತ್ತವೆ. ಅಂದರೆ ಹೈಡ್ರೋಜನ್ ಅಯಾನು ಮೊದಲಿಗಿಂತ ಎರಡೂವರೆ ಪಟ್ಟು.

ಇದನ್ನು ಮಕ್ಕಳಿಗೆ ತೋರಿಸಲು ಮೊಟ್ಟೆಯನ್ನು ವಿನೆಗರ್‌ನಲ್ಲಿ ಮುಳುಗಿಸಿಡುವ ಪ್ರಯೋಗ ಮಾಡುತ್ತಾರೆ. ಗುಳ್ಳೆ ಬಂದು, ಒಂದೆರಡು ದಿನದಲ್ಲಿ ಚಿಪ್ಪು ಕರಗಿ, ಮೊಟ್ಟೆ ರಬ್ಬರ್ ಚೆಂಡಿನ ಹಾಗೆ ಆಗುತ್ತದೆ. ನೋಡಲು ಮಜಾ ಇದೆ, ಆದರೆ ಸ್ವಲ್ಪ ದಾರಿ ತಪ್ಪಿಸುತ್ತದೆ. ವಿನೆಗರ್ ಕಡಲಿಗಿಂತ ಲಕ್ಷಾಂತರ ಪಟ್ಟು ಹುಳಿ. ಕಡಲಿನ ಬಹುಪಾಲು ಜೀವಿಗಳ ಕಥೆ ಸುಟ್ಟು ಕರಗುವ ಕಥೆಯಲ್ಲ. ಮನೆ ಕಟ್ಟಲು ಹೊರಟವನಿಗೆ ಇಟ್ಟಿಗೆ ಸಿಗದ ಕಥೆ. ಸಿಕ್ಕರೂ ದುಬಾರಿ. ಹವಳದಂಥ ಜೀವಿ ತನ್ನ ಚಿಪ್ಪು ಬೆಳೆಯುವ ಜಾಗದಿಂದ ಹೈಡ್ರೋಜನ್ ಅಯಾನುಗಳನ್ನು ಪಂಪ್ ಮಾಡಿ ಹೊರಹಾಕುತ್ತ ಇರುತ್ತದೆ. ಹೊರಗಿನ ನೀರಿನಲ್ಲಿ ಅವು ಜಾಸ್ತಿ ಆದಷ್ಟೂ ಪಂಪಿನ ಕೆಲಸ ಜಾಸ್ತಿ. ಅದಕ್ಕೆ ಹೋದ ಶಕ್ತಿ ಬೆಳವಣಿಗೆಗೆ, ಮರಿ ಹಾಕುವುದಕ್ಕೆ, ರೋಗದ ಜೊತೆ ಗುದ್ದಾಡುವುದಕ್ಕೆ ಉಳಿಯುವುದಿಲ್ಲ.

ಸಿಂಪಿ ಮರಿಗಳ 48 ಗಂಟೆ

ಅಮೆರಿಕದ ಪಶ್ಚಿಮ ಕರಾವಳಿಯ ಒರೆಗಾನ್ ರಾಜ್ಯದಲ್ಲಿ ನೆಟಾರ್ಟ್ಸ್ ಎಂಬ ಕೊಲ್ಲಿ ಇದೆ. ಅದರ ದಂಡೆಯಲ್ಲಿ ವಿಸ್ಕಿ ಕ್ರೀಕ್ ಅನ್ನುವ ಸಿಂಪಿ ಮರಿ ಸಾಕುವ ಕೇಂದ್ರ. ಆಯ್ಸ್ಟರ್ ಎಂಬ ತಿನ್ನುವ ಸಿಂಪಿಯ ಮರಿಗಳನ್ನು ತೊಟ್ಟಿಗಳಲ್ಲಿ ಬೆಳೆಸಿ ಸಾಕಣೆದಾರರಿಗೆ ಮಾರುವುದು ಅವರ ಕಸುಬು. ಬೇಕಾದ ನೀರು ಕೊಲ್ಲಿಯಿಂದಲೇ ಪೈಪಿನಲ್ಲಿ ಬರುತ್ತದೆ.

2007ರ ಸುಮಾರಿಗೆ ಮರಿಗಳು ಲಕ್ಷಲಕ್ಷ ಲೆಕ್ಕದಲ್ಲಿ ಸಾಯತೊಡಗಿದವು. ಮೊದಲು ಒಂದು ಜಾತಿಯ ಬ್ಯಾಕ್ಟೀರಿಯಾದ ಮೇಲೆ ಅನುಮಾನ ಬಂತು. ಆ ಜಾತಿಯ ಬ್ಯಾಕ್ಟೀರಿಯಾ ಸಿಂಪಿ ಮರಿಗಳಿಗೆ ಮಾರಿಯೇ ಹೌದು. ನೀರು ಶುದ್ಧ ಮಾಡುವ ಯಂತ್ರ ಹಾಕಿಸಿದರು. ಬ್ಯಾಕ್ಟೀರಿಯಾ ಹೋಯಿತು. ಮರಿಗಳ ಸಾವು ನಿಲ್ಲಲಿಲ್ಲ.

ಕೊನೆಗೆ ವಿಜ್ಞಾನಿಗಳ ಜೊತೆ ಕೂತು ನೀರಿನ ರಸಾಯನ ನೋಡಿದಾಗ ಒಂದು ನಮೂನೆ ಕಂಡಿತು. ಬೇಸಿಗೆಯಲ್ಲಿ ಉತ್ತರದ ಗಾಳಿ ಜೋರಾಗಿ ಬೀಸಿದಾಗ ಮೇಲಿನ ನೀರು ದಂಡೆಯಿಂದ ದೂರ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಎದ್ದು ಬರುತ್ತದೆ. ಆಳದ ನೀರಿನಲ್ಲಿ ಮೊದಲೇ ಕಾರ್ಬನ್ ಡೈಆಕ್ಸೈಡ್ ಜಾಸ್ತಿ, ಯಾಕೆಂದರೆ ಕಡಲ ಹಿಮ ಕೊಳೆಯುವುದು ಅಲ್ಲೇ. ಅದರ ಮೇಲೆ ನಮ್ಮ ಹೊಗೆಯ ಪಾಲೂ ಸೇರಿಕೊಂಡಿದೆ. ಅಂಥ ನೀರು ತೊಟ್ಟಿಗೆ ಬಂದ ದಿನಗಳಲ್ಲಿ ಹುಟ್ಟಿದ ಮರಿಗಳು ಬದುಕುತ್ತಿರಲಿಲ್ಲ.

ಯಾಕೆ ಅನ್ನುವುದನ್ನು ಹತ್ತಿರದಿಂದ ನೋಡೋಣ. ಸಿಂಪಿಯ ಮೊಟ್ಟೆ ಫಲಿತವಾದ ಮೇಲೆ ಎರಡು ದಿನದೊಳಗೆ ಮರಿ ತನ್ನ ಮೊದಲ ಚಿಪ್ಪು ಕಟ್ಟಿ ಮುಗಿಸಬೇಕು. ಆ 48 ಗಂಟೆಗಳಲ್ಲಿ ಅದರ ಮೈತೂಕದ ನೂರಕ್ಕೆ ಸುಮಾರು 90 ಪಾಲು ಚಿಪ್ಪೇ ಆಗಿರುತ್ತದೆ. ಈ ಹೊತ್ತಿನಲ್ಲಿ ಅದಕ್ಕೆ ತಿನ್ನಲು ಬಾಯಿ ಸಿದ್ಧವಿರುವುದಿಲ್ಲ. ತಾಯಿ ಮೊಟ್ಟೆಯಲ್ಲಿ ಕಟ್ಟಿಕೊಟ್ಟ ಬುತ್ತಿಯಲ್ಲೇ ಕೆಲಸ ಮುಗಿಸಬೇಕು. ನೀರಿನಲ್ಲಿ ಕಾರ್ಬೊನೇಟ್ ಕಡಿಮೆ ಇದ್ದರೆ ಚಿಪ್ಪಿನ ಕೆಲಸಕ್ಕೇ ಬುತ್ತಿ ಖಾಲಿಯಾಗುತ್ತದೆ. ಮುಂದೆ ಈಜಿ, ಮೇವು ಹುಡುಕಿ, ಬೆಳೆಯಲು ಏನೂ ಉಳಿಯುವುದಿಲ್ಲ. ಮರಿ ಕರಗಿ ಸಾಯುವುದಿಲ್ಲ, ಬುತ್ತಿ ಮುಗಿದು ಸಾಯುತ್ತದೆ. ದೊಡ್ಡ ಸಿಂಪಿಗಳು ಅದೇ ನೀರಿನಲ್ಲಿ ಆರಾಮಾಗಿ ಇರುತ್ತಿದ್ದವು. ಅದಕ್ಕೇ ಗುಟ್ಟು ಇಷ್ಟು ದಿನ ಬಯಲಾಗಲಿಲ್ಲ.

ಕೇಂದ್ರದವರು ಕಂಡುಕೊಂಡ ಉಪಾಯ ಸರಳ. ನೀರಿಗೆ ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಒಗೆಯಲು ಬಳಸುವ ವಾಷಿಂಗ್ ಸೋಡಾ ಜಾತಿಯ ಪುಡಿ ಬೆರೆಸಿದರು. ಖರ್ಚಾದ ಗಂಟನ್ನು ಕೈಯಾರೆ ತುಂಬಿಸಿಕೊಟ್ಟ ಹಾಗೆ. ಇನ್ನೊಂದು ಜಾಣತನವೂ ಇತ್ತು. ಬೆಳಿಗ್ಗೆ ಬೇಗ ನೀರು ತುಂಬುವುದನ್ನು ಬಿಟ್ಟು ಮಧ್ಯಾಹ್ನದ ಮೇಲೆ ತುಂಬತೊಡಗಿದರು. ಅಷ್ಟು ಹೊತ್ತಿಗೆ ಕೊಲ್ಲಿಯ ಕಡಲಹುಲ್ಲು, ಪಾಚಿ ಎಲ್ಲ ಬಿಸಿಲಿನಲ್ಲಿ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ನೀರನ್ನು ಹಗುರ ಮಾಡಿರುತ್ತವೆ. ಮರಿಗಳು ಮತ್ತೆ ಉಳಿದವು.

ಮ್ಯೂಸಿಯಂ ಡಬ್ಬಿಯಿಂದ ಜ್ವಾಲಾಮುಖಿಯವರೆಗೆ

ತೊಟ್ಟಿಯಲ್ಲಿ ಆದದ್ದು ತೆರೆದ ಕಡಲಿನಲ್ಲೂ ಆಗುತ್ತಿದೆಯೇ? 1872ರಿಂದ 1876ರವರೆಗೆ ಚಾಲೆಂಜರ್ ಎಂಬ ಬ್ರಿಟಿಷ್ ಹಡಗು ಜಗತ್ತು ಸುತ್ತಿ ಕಡಲಿನ ಮಾದರಿಗಳನ್ನು ತಂದಿತ್ತು. ಅದರಲ್ಲಿ ಫೊರಾಮಿನಿಫೆರಾ ಅನ್ನುವ, ಮರಳಿನ ಕಣದಷ್ಟು ಚಿಕ್ಕ ಜೀವಿಗಳ ಚಿಪ್ಪುಗಳಿದ್ದವು. ಲಂಡನ್ನಿನ ಮ್ಯೂಸಿಯಂನಲ್ಲಿ ಅವು ಶತಮಾನಕ್ಕೂ ಮಿಕ್ಕಿ ಸುಮ್ನೆ ಕೂತಿದ್ದವು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವನ್ನು ಹೊರತೆಗೆದು, ತಾರಾ ಎಂಬ ಹಡಗು ಇತ್ತೀಚೆಗೆ ಪೆಸಿಫಿಕ್‌ನಿಂದ ತಂದ ಚಿಪ್ಪುಗಳ ಜೊತೆ ಹೋಲಿಸಿದರು. ಎಕ್ಸ್‌ರೇ ಸ್ಕ್ಯಾನ್ ಮಾಡಿ ಗೋಡೆಯ ದಪ್ಪ ಅಳೆದರು. ಹೊಸ ಚಿಪ್ಪುಗಳೆಲ್ಲ ಹಳೆಯವಕ್ಕಿಂತ ತೆಳು. ಒಂದು ಜಾತಿಯಲ್ಲಂತೂ ನೂರಕ್ಕೆ 76ರಷ್ಟು ತೆಳು. ಇದಕ್ಕೆ ಆಮ್ಲೀಕರಣ ಒಂದೇ ಕಾರಣ ಅನ್ನಲಾಗದು, ನೀರು ಬಿಸಿಯೂ ಆಗಿದೆ. ಆದರೆ ಡಬ್ಬಿಯಲ್ಲಿ ಕೂತಿದ್ದ ಚಿಪ್ಪು ನೂರೈವತ್ತು ವರ್ಷದ ಹಿಂದಿನ ಕಡಲಿನ ಪರವಾಗಿ ಸಾಕ್ಷಿ ಹೇಳಿದ ರೀತಿ ನನಗೆ ಇಷ್ಟವಾಯಿತು.

ಮುಂದೆ ಹೇಗಿರಬಹುದು ಅಂತ ನೋಡಲು ಇಟಲಿಯ ಇಸ್ಕಿಯಾ ದ್ವೀಪಕ್ಕೆ ಹೋಗಬೇಕು. ಅಲ್ಲಿ ದಂಡೆಯ ಹತ್ತಿರ ಕಡಲ ತಳದಿಂದ ಜ್ವಾಲಾಮುಖಿಯ ಕಾರ್ಬನ್ ಡೈಆಕ್ಸೈಡ್ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ನೀರಿನ ಬಿಸಿ ಮಾತ್ರ ಸುತ್ತಲಿನಷ್ಟೇ. ಗುಳ್ಳೆಗಳ ಕಡೆಗೆ ಈಜುತ್ತ ಹೋದ ಹಾಗೆ ಪಿಎಚ್ ಇಳಿಯುತ್ತದೆ, ನೋಟ ಬದಲಾಗುತ್ತದೆ. ಹವಳ ಕಾಣೆಯಾಗುತ್ತದೆ. ಮೈತುಂಬ ಮುಳ್ಳಿರುವ ಸೀ ಅರ್ಚಿನ್ ಜೀವಿಗಳು ಕಾಣೆಯಾಗುತ್ತವೆ. ಬಸವನಹುಳುಗಳ ಚಿಪ್ಪು ಸವೆದು ಬಣ್ಣಗೆಟ್ಟಿರುತ್ತದೆ. ಕಡಲಹುಲ್ಲು ಮಾತ್ರ ಸೊಂಪಾಗಿ ಬೆಳೆದಿರುತ್ತದೆ. ಅದಕ್ಕೆ ಇಂಗಾಲ ಗೊಬ್ಬರವಿದ್ದ ಹಾಗೆ. ಅಂದರೆ ಕಡಲು ಸತ್ತುಹೋಗುವುದಿಲ್ಲ, ಬಡವಾಗುತ್ತದೆ. ಬಗೆಬಗೆಯ ಜೀವಿಗಳಿದ್ದ ಕಡೆ ಕೆಲವೇ ಗಟ್ಟಿಗರು ಉಳಿಯುತ್ತಾರೆ.

ಎಲ್ಲ ಸುದ್ದಿಯನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಇಂಥ ನೀರಿನಲ್ಲಿ ಹವಳದ ಮೀನುಗಳು ವಾಸನೆ ಹಿಡಿಯಲಾರದೆ ಬೇಟೆಗಾರ ಮೀನಿನ ಬಾಯಿಗೇ ಹೋಗುತ್ತವೆ ಅಂತ ಹಿಂದೆ ದೊಡ್ಡ ಸುದ್ದಿಯಾಗಿತ್ತು. 2020ರಲ್ಲಿ ಬೇರೆ ತಂಡದವರು ಅದೇ ಪ್ರಯೋಗಗಳನ್ನು ದೊಡ್ಡ ಪ್ರಮಾಣದಲ್ಲಿ ಮತ್ತೆ ಮಾಡಿದಾಗ ಅಂಥ ಪರಿಣಾಮ ಕಾಣಲಿಲ್ಲ. ಚಿಪ್ಪಿನ ರಸಾಯನ ಗಟ್ಟಿ ನೆಲ. ಮೀನಿನ ನಡವಳಿಕೆ ಇನ್ನೂ ಜಗಳದಲ್ಲಿರುವ ವಿಷಯ.

ಡೈನೋಸಾರ್ ಕಾಲದಲ್ಲಿ ಆಗದ್ದು ಈಗ ಯಾಕೆ?

ಇದು ನನಗೆ ತುಂಬ ಹಿಡಿಸಿದ ಪ್ರಶ್ನೆ. ಡೈನೋಸಾರ್‌ಗಳ ಕಾಲದಲ್ಲಿ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಈಗಿನದ್ದಕ್ಕಿಂತ ಜಾಸ್ತಿ ಇದ್ದ ದಿನಗಳಿದ್ದವು. ಆದರೂ ಆಗಲೇ ಕಡಲಿನಲ್ಲಿ ಸುಣ್ಣದ ಚಿಪ್ಪಿನ ಜೀವಿಗಳು ದಂಡಿಯಾಗಿ ಬೆಳೆದವು. ಇಂಗ್ಲೆಂಡಿನ ಡೋವರ್‌ನ ಬಿಳಿ ಬಂಡೆಗಳು ಆ ಕಾಲದ ಸೂಕ್ಷ್ಮ ಜೀವಿಗಳ ಚಿಪ್ಪಿನ ರಾಶಿ, ಅಪ್ಪಟ ಸೀಮೆಸುಣ್ಣ. ಹಾಗಾದರೆ ಈಗ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ವ್ಯತ್ಯಾಸ ಇರುವುದು ವೇಗದಲ್ಲಿ. ಕಾರ್ಬನ್ ಡೈಆಕ್ಸೈಡ್ ನಿಧಾನವಾಗಿ ಏರಿದರೆ ಮಳೆನೀರು ಬಂಡೆಗಳನ್ನು ಜಾಸ್ತಿ ಸವೆಸುತ್ತದೆ. ನದಿಗಳು ಆ ಸವೆತವನ್ನು ಕಡಲಿಗೆ ತರುತ್ತವೆ. ಕಡಲ ತಳದ ಹಳೆಯ ಸುಣ್ಣವೂ ಕರಗುತ್ತದೆ. ಖರ್ಚಾದ ಗಂಟು ಮತ್ತೆ ತುಂಬುತ್ತದೆ. ಈ ಜಮಾಖರ್ಚು ಸರಿದೂಗಲು ಸಾವಿರಾರು ವರ್ಷ ಬೇಕು. ಡೈನೋಸಾರ್ ಕಾಲದ ಕಡಲಿಗೆ ಆ ಪುರುಸೊತ್ತು ಇತ್ತು. ನಾವು ಎರಡು ಶತಮಾನದಲ್ಲಿ ಮುಗಿಸುತ್ತಿದ್ದೇವೆ.

ಪುರುಸೊತ್ತು ಸಿಗದಿದ್ದರೆ ಏನಾಗುತ್ತದೆ ಅನ್ನುವುದರ ಗುರುತು ಅಟ್ಲಾಂಟಿಕ್‌ನ ತಳದಲ್ಲಿದೆ. ಆಫ್ರಿಕಾದ ನೈಋತ್ಯಕ್ಕೆ ವಾಲ್ವಿಸ್ ರಿಡ್ಜ್ ಎಂಬ ಮುಳುಗಿದ ಬೆಟ್ಟಸಾಲಿದೆ. 2003ರಲ್ಲಿ ಅಲ್ಲಿ ತಳ ಕೊರೆದು ಮಣ್ಣಿನ ಉದ್ದುದ್ದ ಕಂಬಗಳನ್ನು ಮೇಲಕ್ಕೆ ತೆಗೆದರು. ಕೆಳಗಿನಿಂದ ನೋಡುತ್ತ ಬಂದರೆ ಬೆಳ್ಳಗಿನ ಸುಣ್ಣದ ಕೆಸರು. ಇದ್ದಕ್ಕಿದ್ದಂತೆ ಕೆಂಪು ಜೇಡಿಮಣ್ಣು. ಅದರ ಮೇಲೆ ನಿಧಾನವಾಗಿ ಮತ್ತೆ ಬಿಳಿ. ಆ ಕೆಂಪು ಪಟ್ಟಿ 5.6 ಕೋಟಿ ವರ್ಷ ಹಿಂದಿನದು. ಆಗ ಕೆಲವು ಸಾವಿರ ವರ್ಷಗಳಲ್ಲಿ ಅಪಾರ ಇಂಗಾಲ ಗಾಳಿಗೆ, ಕಡಲಿಗೆ ಸೇರಿ ಭೂಮಿ ಐದಾರು ಡಿಗ್ರಿ ಬಿಸಿಯಾಗಿತ್ತು. ತಳಕ್ಕೆ ಬೀಳುವ ಚಿಪ್ಪೆಲ್ಲ ಕರಗಿ, ಉಳಿದದ್ದು ಜೇಡಿ ಮಾತ್ರ. ಆಳದಲ್ಲಿದ್ದ ಫೊರಾಮಿನಿಫೆರಾ ಜಾತಿಗಳಲ್ಲಿ ಮೂರರಲ್ಲಿ ಒಂದಕ್ಕೂ ಜಾಸ್ತಿ ಅಳಿದವು. ಬಿಳಿ ಬಣ್ಣ ಪೂರ್ತಿ ವಾಪಸ್ ಬರಲು ಒಂದು ಲಕ್ಷ ವರ್ಷಕ್ಕೂ ಜಾಸ್ತಿ ಹಿಡಿಯಿತು. ಆಗ ಇಂಗಾಲ ಸೇರಿದ್ದಕ್ಕಿಂತ ಈಗ ಸೇರುತ್ತಿರುವ ವೇಗ ಎಷ್ಟೋ ಜಾಸ್ತಿ.

ಕಡಲಿಗೆ ಸೋಡಾ ಪುಡಿ ಹಾಕಬಹುದೇ?

ವಿಸ್ಕಿ ಕ್ರೀಕ್‌ನ ಉಪಾಯವನ್ನು ಇಡೀ ಕಡಲಿಗೆ ಮಾಡಿದರೆ ಆಗದೇ? ಈ ಬಗ್ಗೆ ನಿಜವಾಗಿಯೂ ಪ್ರಯೋಗಗಳು ನಡೆಯುತ್ತಿವೆ. ಕ್ಷಾರಗುಣದ ಕಲ್ಲುಗಳನ್ನು ಪುಡಿ ಮಾಡಿ ಕಡಲಿಗೆ ಸೇರಿಸುವುದು. ರಸಾಯನದ ಲೆಕ್ಕದಲ್ಲಿ ಇದು ಸರಿಯಾದ ಮದ್ದೇ. ಕಷ್ಟ ಇರುವುದು ಪ್ರಮಾಣದಲ್ಲಿ. ಒಂದು ಟನ್ ಕಾರ್ಬನ್ ಡೈಆಕ್ಸೈಡಿಗೆ ಹೆಚ್ಚುಕಮ್ಮಿ ಒಂದು ಟನ್ ಕಲ್ಲು ಬೇಕು. ಕಡಲು ವರ್ಷಕ್ಕೆ ನುಂಗುವುದು 1,000 ಕೋಟಿ ಟನ್. ಅಷ್ಟು ಕಲ್ಲನ್ನು ಅಗೆದು, ಅರೆದು, ಸಾಗಿಸುವುದಕ್ಕೇ ಎಷ್ಟು ಎಣ್ಣೆ ಸುಡಬೇಕೋ! ಸಣ್ಣ ಕೊಲ್ಲಿಗೆ, ಮರಿ ಸಾಕುವ ತೊಟ್ಟಿಗೆ ಇದು ಆದೀತು. ಇಡೀ ಕಡಲಿಗೆ ಅಂದರೆ ನನಗೆ ನಂಬಿಕೆ ಬರುವುದಿಲ್ಲ.

ಆಕಾಶದಲ್ಲಿ ಕನ್ನಡಿಯಂಥ ಕಣಗಳನ್ನು ಚೆಲ್ಲಿ ಬಿಸಿಲನ್ನು ವಾಪಸ್ ಕಳಿಸೋಣ ಅನ್ನುವವರೂ ಇದ್ದಾರೆ. ಅದು ಭೂಮಿಯನ್ನು ಒಂದಷ್ಟು ತಣ್ಣಗೆ ಮಾಡಬಹುದು. ಆದರೆ ಕಾರ್ಬನ್ ಡೈಆಕ್ಸೈಡ್ ಇದ್ದಲ್ಲೇ ಇರುತ್ತದೆ, ಕಡಲು ನುಂಗುತ್ತಲೇ ಇರುತ್ತದೆ, ಕಾರ್ಬೊನೇಟ್ ಖರ್ಚಾಗುತ್ತಲೇ ಇರುತ್ತದೆ. ಬಿಸಿ ಮತ್ತು ಹುಳಿ ಎರಡಕ್ಕೂ ಒಟ್ಟಿಗೆ ನಾಟುವ ಮದ್ದು ಒಂದೇ, ಹೊಗೆಯನ್ನೇ ಕಡಿಮೆ ಮಾಡುವುದು. ಹಾಗೆ ಮಾಡಿದರೆ ಮೇಲ್ಮೈ ನೀರು ಬೇಗ ಸ್ಪಂದಿಸುತ್ತದೆ. ಆಳದ ನೀರಿಗೆ ಮಾತ್ರ ಆ ಅವಸರ ಇಲ್ಲ.

ಒರೆಗಾನ್ ದಂಡೆಗೆ ಎದ್ದು ಬರುವ ನೀರಿನ ವಯಸ್ಸನ್ನು ಲೆಕ್ಕ ಹಾಕಿದ್ದಾರೆ. ಅದು ಕೊನೆಯ ಸಲ ಗಾಳಿಯನ್ನು ಮುಟ್ಟಿ ಮುಳುಗಿದ್ದು ಸುಮಾರು ಮೂವತ್ತರಿಂದ ಐವತ್ತು ವರ್ಷದ ಹಿಂದೆ. 2007ರಲ್ಲಿ ಸಿಂಪಿ ಮರಿಗಳನ್ನು ಕೊಂದ ನೀರು, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಕಾರ್ಬನ್ ಡೈಆಕ್ಸೈಡ್ ಇನ್ನೂ 350 ಪಾಲನ್ನೂ ಮುಟ್ಟಿರದ ದಿನಗಳಲ್ಲಿ ಮುಳುಗಿದ ನೀರು. 420ರ ಗಾಳಿಯನ್ನು ಮುಟ್ಟಿದ ನೀರು ಈಗ ಮುಳುಗುತ್ತಿದೆ. ಅದು ನೆಟಾರ್ಟ್ಸ್ ಕೊಲ್ಲಿಯ ಪೈಪಿಗೆ ಬರುವುದು ಇನ್ನೂ ಮೂರರಿಂದ ಐದು ದಶಕದ ಮೇಲೆ.